ಎಡಕ್ಕೆ ಎಳೆಯುವ ಕಾರು: ಹೊಗೆಗೆ ತಪಾಸಣೆ ಉಂಟು, ಚಕ್ರಕ್ಕಿಲ್ಲ

ಬೆಂಗಳೂರು: ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ರಾಜ್ಯದ ನಗರಗಳ ಟಯರ್ ಅಂಗಡಿಗಳ ಮುಂದೆ ಕಾರುಗಳ ಸಾಲು ಉದ್ದವಾಗುತ್ತದೆ. ಬಂದವರ ದೂರು ಹೆಚ್ಚು ಕಡಿಮೆ ಒಂದೇ: ಗಾಡಿ ಒಂದು ಕಡೆಗೆ ಎಳೆಯುತ್ತಿದೆ. ಅಂಗಡಿಯವರ ಉತ್ತರವೂ ಒಂದೇ: ಅಲೈನ್‌ಮೆಂಟ್ ಹೋಗಿದೆ, ಮಾಡಿಸಿ. ಕೆಲವು ನೂರು ರೂಪಾಯಿ ತೆತ್ತು ಹೊರಟ ಕಾರು ವಾರ ಕಳೆಯುವುದರೊಳಗೆ ಮತ್ತೆ ಅದೇ ಬದಿಗೆ ವಾಲತೊಡಗಿದರೆ ತಪ್ಪು ಯಾರದು? ಮೆಕ್ಯಾನಿಕ್‌ನದೇ, ಮಾಲೀಕನದೇ, ರಸ್ತೆ ಮಾಡಿದವರದೇ ಅಥವಾ ವಾಹನವನ್ನು ರಸ್ತೆಗೆ ಬಿಟ್ಟ ಸರ್ಕಾರದ್ದೇ?

ಮೇಲ್ನೋಟಕ್ಕೆ ಇದು ಗ್ಯಾರೇಜಿನ ಒಳಗೇ ಮುಗಿಯಬೇಕಾದ ಸಣ್ಣ ಪ್ರಶ್ನೆ. ಆದರೆ ಕಾರು ಒಂದು ಬದಿಗೆ ಎಳೆಯುವುದು ತಾನಾಗಿಯೇ ಒಂದು ರೋಗವಲ್ಲ, ಅದು ರೋಗಲಕ್ಷಣ. ಜ್ವರದ ಹಿಂದೆ ನೆಗಡಿಯೂ ಇರಬಹುದು, ಟೈಫಾಯ್ಡೂ ಇರಬಹುದು. ಹಾಗೆಯೇ ಎಳೆತದ ಹಿಂದೆ ಗಾಳಿ ಕಡಿಮೆಯಾದ ಟಯರೂ ಇರಬಹುದು, ಇಂದೋ ನಾಳೆಯೋ ಕೈಕೊಡಲಿರುವ ಬ್ರೇಕೂ ಇರಬಹುದು. ಯಾವುದೆಂದು ಕಂಡುಹಿಡಿಯಬೇಕಾದ ಹೊಣೆಯನ್ನು ನಮ್ಮ ವ್ಯವಸ್ಥೆ ಯಾರ ಮೇಲೂ ಹೊರಿಸಿಲ್ಲ ಎಂಬುದೇ ಇಲ್ಲಿನ ನಿಜವಾದ ಸಮಸ್ಯೆ.

ರಸ್ತೆಯೇ ಎಡಕ್ಕೆ ಬಾಗಿದಾಗ

ಎಳೆತದ ಎಲ್ಲ ದೂರುಗಳೂ ಕಾರಿನ ದೋಷವಲ್ಲ. ಯಾವ ಡಾಂಬರು ರಸ್ತೆಯೂ ಮೇಜಿನಂತೆ ಸಪಾಟಾಗಿರುವುದಿಲ್ಲ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಎತ್ತರಿಸಿ ಅಂಚುಗಳತ್ತ ಇಳಿಜಾರು ಕೊಡಲಾಗುತ್ತದೆ. ಡಾಂಬರು ರಸ್ತೆಗಳಲ್ಲಿ ಈ ಇಳಿಜಾರು ಸಾಮಾನ್ಯವಾಗಿ ಶೇ 2ರ ಆಸುಪಾಸಿನಲ್ಲಿರುತ್ತದೆ. ಮಳೆ ಹೆಚ್ಚಿರುವ ಕಡೆ ಶೇ 2.5ರವರೆಗೂ ಹೋಗುತ್ತದೆ. ಲೆಕ್ಕ ಹಾಕಿದರೆ, ಮೂರೂವರೆ ಮೀಟರ್ ಅಗಲದ ಒಂದು ಪಥದಲ್ಲಿ ಬಲ ಅಂಚಿಗಿಂತ ಎಡ ಅಂಚು ಏಳೆಂಟು ಸೆಂಟಿಮೀಟರ್ ತಗ್ಗಿನಲ್ಲಿರುತ್ತದೆ.

ಭಾರತದಲ್ಲಿ ಸಂಚಾರ ರಸ್ತೆಯ ಎಡಬದಿಯಲ್ಲಿ. ಆದ್ದರಿಂದ ಯಾವ ದೋಷವೂ ಇಲ್ಲದ ಹೊಸ ಕಾರು ಕೂಡ ಸ್ಟೀರಿಂಗ್ ಮೇಲಿನ ಹಿಡಿತ ಸಡಿಲಿಸಿದರೆ ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ನಡುವೆ ವಿಭಜಕವಿರುವ ಹೆದ್ದಾರಿಗಳಲ್ಲೂ ಸಾಮಾನ್ಯವಾಗಿ ಇಳಿಜಾರು ಹೊರ ಅಂಚಿನತ್ತಲೇ ಇರುವುದರಿಂದ ಅಲ್ಲಿಯೂ ಇದೇ ಅನುಭವ. ಈ ಮಂದ ಸರಿತವನ್ನೇ ದೋಷವೆಂದು ಭಾವಿಸಿ ಷೋರೂಮಿಗೆ ಹೋದವರು ಬೇಡದ ಖರ್ಚಿಗೆ ಗುರಿಯಾಗುತ್ತಾರೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. 'ರಸ್ತೆಯೇ ಹಾಗಿದೆ ಬಿಡಿ' ಎಂಬ ಉತ್ತರವನ್ನು ನಂಬಿ ನಿಜವಾದ ದೋಷವನ್ನು ತಿಂಗಳುಗಟ್ಟಲೆ ಹೊತ್ತು ತಿರುಗುವವರೂ ಕಡಿಮೆಯೇನಿಲ್ಲ.

ಇವೆರಡರ ನಡುವಿನ ಗೆರೆ ಎಳೆಯಲು ಯಂತ್ರ ಬೇಕಿಲ್ಲ. ವಿಶಾಲವಾದ, ಸಪಾಟಾದ, ಖಾಲಿ ಜಾಗದಲ್ಲಿ ನಿಧಾನ ವೇಗದಲ್ಲಿ ಕಾರು ಓಡಿಸಿ ನೋಡಬಹುದು. ಅಲ್ಲಿಯೂ ಎಡಕ್ಕೇ ಹೋದರೆ ದೋಷ ಕಾರಿನದು, ನೆಟ್ಟಗೆ ಹೋದರೆ ರಸ್ತೆಯದು. ಇನ್ನು ಕಾರು ಬಲಕ್ಕೆ ಎಳೆಯುತ್ತಿದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಇಳಿಜಾರಿನ ವಿರುದ್ಧ ಹತ್ತುತ್ತಿರುವ ಕಾರಿಗೆ ಖಂಡಿತವಾಗಿಯೂ ಚಿಕಿತ್ಸೆ ಬೇಕು.

ಮೊದಲ ಆರೋಪಿ ಟಯರ್

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಕಾರಿನ ಮುಂದಿನ ಎರಡು ಚಕ್ರಗಳಿಗೂ ಒಪ್ಪುತ್ತದೆ. ಎರಡೂ ಚಕ್ರಗಳು ಒಂದೇ ಬಲದಿಂದ ಉರುಳಿದರೆ ಮಾತ್ರ ಕಾರು ನೆಟ್ಟಗೆ ಸಾಗುತ್ತದೆ. ಒಂದರಲ್ಲಿ ಗಾಳಿ ಕಡಿಮೆಯಾದರೆ ಆ ಟಯರ್ ನೆಲಕ್ಕೆ ಹೆಚ್ಚು ಅಂಟುತ್ತದೆ, ಉರುಳಲು ಹೆಚ್ಚು ಪ್ರತಿರೋಧ ಒಡ್ಡುತ್ತದೆ, ಕಾರನ್ನು ತನ್ನತ್ತ ಸೆಳೆಯುತ್ತದೆ. ಎಳೆತದ ಕಾರಣಗಳಲ್ಲಿ ಅತ್ಯಂತ ಸಾಮಾನ್ಯವಾದದ್ದೂ, ಬಹುತೇಕ ಖರ್ಚಿಲ್ಲದೆ ಸರಿಯಾಗುವುದೂ ಇದೇ.

ಪಂಕ್ಚರ್ ಆಗದಿದ್ದರೂ ಟಯರ್ ತಿಂಗಳಿಗೆ ಒಂದೆರಡು ಪಿಎಸ್‌ಐ ಗಾಳಿ ಕಳೆದುಕೊಳ್ಳುತ್ತದೆ. ಎಷ್ಟು ಗಾಳಿ ಇರಬೇಕೆಂಬ ಅಂಕಿ ಬಹುತೇಕ ಕಾರುಗಳಲ್ಲಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿರುತ್ತದೆ. ಅದನ್ನು ಓದುವವರು ವಿರಳ. ದೂರ ಓಡಿ ಬಿಸಿಯಾದ ಟಯರಿನಲ್ಲಿ ಒತ್ತಡ ಏರಿರುತ್ತದೆಯಾದ್ದರಿಂದ ತಣ್ಣಗಿರುವಾಗಲೇ ಅಳೆಯಬೇಕೆಂಬುದೂ ಹಲವರಿಗೆ ತಿಳಿದಿಲ್ಲ.

ಗಾಳಿ ಸಮನಾಗಿದ್ದರೂ ಟಯರೇ ಅಪರಾಧಿಯಾಗಿರಬಹುದು. ರೇಡಿಯಲ್ ಟಯರಿನ ಒಳಗಿನ ಉಕ್ಕಿನ ಪಟ್ಟಿಗಳು ತಯಾರಿಕೆಯಲ್ಲಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ ಆ ಟಯರ್ ಶಂಕುವಿನಂತೆ ಒಂದೇ ಬದಿಗೆ ಉರುಳಲು ಯತ್ನಿಸುತ್ತದೆ. ಗುಂಡಿಗೆ ಬಡಿದು ಪಟ್ಟಿ ಬಿಟ್ಟುಕೊಂಡರೂ ಇದೇ ಫಲ. ಮುಂದಿನ ಎರಡು ಟಯರುಗಳು ಬೇರೆ ಬೇರೆ ಕಂಪನಿಯವಾಗಿದ್ದು, ಒಂದು ಹೊಸದು ಇನ್ನೊಂದು ಸವೆದದ್ದು ಆಗಿದ್ದರೂ ಎಳೆತ ಸಹಜ. ಅನುಭವಿ ಮೆಕ್ಯಾನಿಕ್‌ಗಳು ಇದನ್ನು ಪತ್ತೆ ಮಾಡುವ ಬಗೆ ಸರಳ. ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿ ಓಡಿಸುತ್ತಾರೆ. ಎಡಕ್ಕೆ ಎಳೆಯುತ್ತಿದ್ದ ಕಾರು ಈಗ ಬಲಕ್ಕೆ ಎಳೆದರೆ ತಪ್ಪು ಟಯರಿನದು. ಎಡಕ್ಕೇ ಎಳೆದರೆ ತಪ್ಪು ಬೇರೆಡೆ ಇದೆ. ಒಂದೇ ದಿಕ್ಕಿಗೆ ಉರುಳಬೇಕೆಂಬ ಬಾಣದ ಗುರುತುಳ್ಳ ಟಯರುಗಳಿಗೆ ಮಾತ್ರ ಈ ಉಪಾಯವನ್ನು ನೇರವಾಗಿ ಬಳಸುವಂತಿಲ್ಲ.

ಹತ್ತೇ ನಿಮಿಷದ ಈ ಪರೀಕ್ಷೆ ಮಾಡದೆ ಅಲೈನ್‌ಮೆಂಟ್ ಯಂತ್ರದ ಮೇಲೆ ಕಾರು ಏರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಬ್ರೇಕ್: ಸುಮ್ಮನಿರಲಾಗದ ಎಚ್ಚರಿಕೆ

ಟಯರಿನ ದೋಷ ಹಣ ತಿನ್ನುತ್ತದೆ, ಬ್ರೇಕಿನ ದೋಷ ಪ್ರಾಣ ತಿನ್ನುತ್ತದೆ. ಕಾರು ಯಾವಾಗ ಎಳೆಯುತ್ತದೆ ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಸಾಮಾನ್ಯ ಓಟದಲ್ಲಿ ನೆಟ್ಟಗಿದ್ದು ಬ್ರೇಕ್ ಒತ್ತಿದಾಗ ಮಾತ್ರ ಪಕ್ಕಕ್ಕೆ ಹೊರಳಿದರೆ ಎರಡು ಬದಿಯ ಬ್ರೇಕುಗಳು ಸಮನಾಗಿ ಹಿಡಿಯುತ್ತಿಲ್ಲ ಎಂದರ್ಥ. ಕಾರು ಬಲವಾಗಿ ಹಿಡಿಯುವ ಬದಿಗೆ ತಿರುಗುತ್ತದೆ. ಆದ್ದರಿಂದ ಎಡಕ್ಕೆ ಹೊರಳಿದರೆ ಕೆಟ್ಟಿರುವುದು ಬಲಬದಿಯ ಬ್ರೇಕೂ ಆಗಿರಬಹುದು. ಪಿಸ್ಟನ್ ಬಿಗಿದುಕೊಂಡ ಕ್ಯಾಲಿಪರ್, ಎಣ್ಣೆ ಸೋಕಿದ ಬ್ರೇಕ್ ಪ್ಯಾಡ್, ಒಳಗೆ ಊದಿಕೊಂಡು ದ್ರವವನ್ನು ತಡೆಯುವ ರಬ್ಬರ್ ಕೊಳವೆ ಇವು ಸಾಮಾನ್ಯ ಕಾರಣಗಳು.

ಬ್ರೇಕ್ ಒತ್ತದಿದ್ದರೂ ಒಂದು ಚಕ್ರ ಬಿಗಿಹಿಡಿದೇ ಇದ್ದರೆ ಕಾರು ಸದಾ ಆ ಬದಿಗೆ ಎಳೆಯುತ್ತದೆ. ಮೈಲೇಜ್ ಕುಸಿಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಬಳಿ ಮಾತ್ರ ಕಾವು ಹೆಚ್ಚಿದ್ದರೆ ರೋಗ ಅಲ್ಲೇ ಇದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರುಗಳಲ್ಲಿ ತುಕ್ಕಿನ ದೆಸೆಯಿಂದ ಇದು ಕಾಣಿಸಿಕೊಳ್ಳುವುದುಂಟು. ಇಂಥ ಕಾರನ್ನು ಘಟ್ಟದ ಇಳಿಜಾರಿಗೆ ಒಯ್ಯುವುದು ಅಪಾಯಕ್ಕೆ ಆಹ್ವಾನ. ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಬ್ರೇಕ್ ಮೇಲೆ ಬ್ರೇಕ್ ಒತ್ತಬೇಕಾಗುತ್ತದೆ. ಮೊದಲೇ ಕಾದಿರುವ ಚಕ್ರದಲ್ಲಿ ದ್ರವ ಕುದಿದರೆ ಪೆಡಲ್ ಮೆದುವಾಗಿ, ಒತ್ತಿದರೂ ಕಾರು ನಿಲ್ಲದಂತಾಗುತ್ತದೆ.

ಅಲೈನ್‌ಮೆಂಟ್ ಎಂಬ ಅರ್ಧ ಸತ್ಯ

ಉಳಿದದ್ದು ಚಕ್ರಗಳ ಜೋಡಣೆ. ಮುಂದಿನ ಚಕ್ರ ನಿಂತಿರುವ ಭಂಗಿಯನ್ನು ಮೂರು ಕೋನಗಳು ನಿರ್ಧರಿಸುತ್ತವೆ. ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದಲೇ ಅದು ಓಟದಲ್ಲಿ ನೆಟ್ಟಗೆ ನಿಲ್ಲಲು ಹವಣಿಸುತ್ತದೆ. ಕ್ಯಾಸ್ಟರ್ ಕಾರಿನಲ್ಲಿ ಮಾಡುವ ಕೆಲಸವೂ ಅದೇ.

ಗ್ರಾಹಕರಿಗೆ ಯಾರೂ ಹೇಳದ ವಿಷಯವೊಂದು ಇಲ್ಲಿದೆ. ಟೋ ತಪ್ಪಿದರೆ ಟಯರ್ ಬೇಗ ಸವೆಯುತ್ತದೆ, ಸ್ಟೀರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ. ಆದರೆ ಕಾರನ್ನು ಒಂದು ಬದಿಗೆ ಎಳೆಯುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಎಡ ಬಲ ಚಕ್ರಗಳ ಕ್ಯಾಂಬರ್ ಮತ್ತು ಕ್ಯಾಸ್ಟರ್‌ಗಳ ನಡುವಿನ ವ್ಯತ್ಯಾಸ. ಹೊರಕ್ಕೆ ಹೆಚ್ಚು ವಾಲಿದ ಚಕ್ರದ ಕಡೆಗೆ, ಕ್ಯಾಸ್ಟರ್ ಕಡಿಮೆಯಾದ ಕಡೆಗೆ ಕಾರು ಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿ ತಿರುಪು ತಿರುಗಿಸಿ ಹೊಂದಿಸಲು ಬರುವುದು ಟೋ ಒಂದೇ. ಕ್ಯಾಂಬರ್, ಕ್ಯಾಸ್ಟರ್‌ಗಳು ಕಾರ್ಖಾನೆಯಲ್ಲಿ ನಿಗದಿಯಾಗಿ ಬಂದಿರುತ್ತವೆ. ಅವು ಕೆಟ್ಟಿವೆ ಎಂದರೆ ಲೋವರ್ ಆರ್ಮ್ ಬಾಗಿದೆ, ಸ್ಟ್ರಟ್ ಬಗ್ಗಿದೆ, ಬುಷ್ ಹರಿದಿದೆ ಅಥವಾ ಬಾಲ್ ಜಾಯಿಂಟ್ ಸಡಿಲಗೊಂಡಿದೆ ಎಂದೇ ಅರ್ಥ.

ಅಂದರೆ ಗುಂಡಿಗೆ ಬಡಿದು ಬಾಗಿದ ಭಾಗವನ್ನು ಹಾಗೇ ಬಿಟ್ಟು ಟೋ ಮಾತ್ರ ಹೊಂದಿಸಿದರೆ ಪರದೆಯ ಮೇಲಿನ ಆ ಒಂದು ಅಂಕಿ ಹಸಿರಾಗುತ್ತದೆ, ಕಾರು ಮಾತ್ರ ಎಳೆಯುತ್ತಲೇ ಇರುತ್ತದೆ. ಗ್ರಾಹಕ ಅದೇ ಕೆಲಸಕ್ಕೆ ಮತ್ತೆ ಮತ್ತೆ ಹಣ ತೆರುವುದು ಹೀಗೆ. ಅಲೈನ್‌ಮೆಂಟ್ ಯಂತ್ರ ಮೂರೂ ಕೋನಗಳನ್ನು, ಹೊಂದಿಸುವ ಮೊದಲಿನ ಹಾಗೂ ನಂತರದ ಅಳತೆಗಳನ್ನು ಮುದ್ರಿಸಿ ಕೊಡಬಲ್ಲದು. ಆ ಹಾಳೆಯನ್ನು ಕೇಳಿ ಪಡೆಯುವ ಗ್ರಾಹಕನಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಾರುಗಳು ಆಧುನಿಕವಾದಷ್ಟೂ ಈ ಗೊಂದಲ ಹೆಚ್ಚುತ್ತಿದೆ. ವಿದ್ಯುತ್ ಸ್ಟೀರಿಂಗ್‌ನ ಸಂವೇದಕ ತನ್ನ ಶೂನ್ಯ ಬಿಂದುವನ್ನು ತಪ್ಪಿದರೆ ಚಕ್ರಗಳೆಲ್ಲ ಸರಿಯಿದ್ದರೂ ಕಾರು ಒಂದು ಬದಿಗೆ ಒಲೆಯುತ್ತದೆ. ಕೆಲವು ಮಾದರಿಗಳಲ್ಲಿ ಇದೇ ವ್ಯವಸ್ಥೆ ಸಣ್ಣ ಎಳೆತವನ್ನು ತಾನೇ ಸರಿದೂಗಿಸಿ ಚಾಲಕನ ಕೈಗೆ ತಿಳಿಯದಂತೆ ಮುಚ್ಚಿಡುತ್ತದೆ. ಪಥ ಬಿಡದಂತೆ ಕಾಯುವ ಕ್ಯಾಮೆರಾ ಇರುವ ಕಾರುಗಳಲ್ಲಿ ಅಳಿಸಿಹೋದ ಬಿಳಿಗೆರೆ, ಹಳೆಯ ಗೆರೆಯ ಪಕ್ಕದ ಹೊಸ ಗೆರೆ ಕೂಡ ಸ್ಟೀರಿಂಗ್ ಅನ್ನು ಅನಿರೀಕ್ಷಿತವಾಗಿ ಜಗ್ಗಬಲ್ಲವು. ಬೀದಿ ಬದಿಯ ಗ್ಯಾರೇಜಿನ ಸ್ಪ್ಯಾನರಿಗೆ ಇವು ನಿಲುಕುವ ಸಂಗತಿಗಳಲ್ಲ.

ಗುಂಡಿಯ ಲೆಕ್ಕ ಯಾರ ಖಾತೆಗೆ?

ಬಾಗಿದ ಲೋವರ್ ಆರ್ಮಿನ ಮೂಲ ಹುಡುಕುತ್ತಾ ಹೋದರೆ ದಾರಿ ಗ್ಯಾರೇಜಿನಿಂದ ಮತ್ತೆ ಬೀದಿಗೇ ಬರುತ್ತದೆ. ನೀರು ಹರಿಯಲೆಂದು ರಸ್ತೆಗೆ ಎಡಕ್ಕೆ ಇಳಿಜಾರು ಕೊಡಲಾಗಿದೆ. ಆದರೆ ಅಂಚಿನಲ್ಲಿರಬೇಕಾದ ಚರಂಡಿ ಹೂಳು, ಕಸ, ಕಟ್ಟಡ ತ್ಯಾಜ್ಯಗಳಿಂದ ಕಟ್ಟಿಕೊಂಡಿದ್ದರೆ ಆ ನೀರು ಎಡ ಅಂಚಿನಲ್ಲೇ ನಿಲ್ಲುತ್ತದೆ. ನೀರು ಡಾಂಬರಿಗೆ ಶತ್ರು. ಅದು ಒಳಗೆ ಇಳಿದು ಜಲ್ಲಿಯನ್ನು ಡಾಂಬರಿನಿಂದ ಬಿಡಿಸುತ್ತದೆ, ಮೇಲೆ ಚಕ್ರ ಹಾದಾಗ ಜಲ್ಲಿ ಕಿತ್ತು ಗುಂಡಿ ಬೀಳುತ್ತದೆ. ಗುಂಡಿ ಎಡ ಅಂಚಿನಲ್ಲಿದ್ದಾಗ ಪೆಟ್ಟು ತಿನ್ನುವುದೂ ಎಡ ಚಕ್ರಗಳೇ.

ರಸ್ತೆ ಉಬ್ಬುಗಳದ್ದೂ ಇದೇ ಕಥೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ 25 ಕಿ.ಮೀ. ವೇಗಕ್ಕೆ ರೂಪಿಸಿದ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂದರೆ ಕಾರು ಹತ್ತಿ ಇಳಿಯುವಂತಿರಬೇಕೇ ಹೊರತು ಗೋಡೆಗೆ ಗುದ್ದಿದಂತಾಗಬಾರದು. ಬಡಾವಣೆಗಳ ನಿವಾಸಿಗಳು ಒತ್ತಾಯಿಸಿದಾಗ ಒಂದೇ ರಾತ್ರಿಯಲ್ಲಿ ಎದ್ದು ನಿಲ್ಲುವ, ಬಣ್ಣವೂ ಇಲ್ಲದ ಕಡಿದಾದ ದಿಬ್ಬಗಳಿಗೂ ಈ ಮಾರ್ಗಸೂಚಿಗೂ ಸಂಬಂಧವಿಲ್ಲ.

ಕಾನೂನು ಏನನ್ನುತ್ತದೆ? ಗುಂಡಿಗಳಿಲ್ಲದ ರಸ್ತೆ ನಾಗರಿಕರ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಭಾಗ ಎಂದು ಕರ್ನಾಟಕ ಹೈಕೋರ್ಟ್ 2019ರ ಜುಲೈನಲ್ಲಿ ಹೇಳಿತು. ಗುಂಡಿಯಿಂದ ನಷ್ಟಕ್ಕೊಳಗಾದವರು ಪರಿಹಾರ ಕೇಳಬಹುದೆಂದೂ ಸ್ಪಷ್ಟಪಡಿಸಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಗೆ 198ಎ ಕಲಮು ಸೇರಿತು. ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದು ಅವಕಾಶ ನೀಡುತ್ತದೆ. ಗಮನಿಸಬೇಕಾದದ್ದೆಂದರೆ, ಅನಾಹುತ ನಡೆದ ಮೇಲೆ ಮಾತ್ರ ಈ ಕಲಮು ಎಚ್ಚರಗೊಳ್ಳುತ್ತದೆ. ಬಾಗಿದ ಚಕ್ರಕ್ಕೆ, ಸವೆದ ಟಯರಿಗೆ ಅದರಲ್ಲಿ ಜಾಗವಿಲ್ಲ.

ವಿಮೆಯೂ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಸಾಮಾನ್ಯ ಸಮಗ್ರ ವಿಮೆಯಲ್ಲಿ ಸವೆತಕ್ಕೆ, ಯಾಂತ್ರಿಕ ವೈಫಲ್ಯಕ್ಕೆ ಪರಿಹಾರವಿಲ್ಲ. ಟಯರಿಗೆ ಮಾತ್ರ ಹಾನಿಯಾದರೆ ಅದಕ್ಕೂ ಇಲ್ಲ. ವಾಹನದ ಇತರ ಭಾಗಗಳಿಗೂ ಪೆಟ್ಟಾಗಿದ್ದರೆ ಟಯರಿನ ಅರ್ಧ ಬೆಲೆ ಸಿಕ್ಕೀತು. ಕ್ಲೇಮು ಹಾಕಿದರೆ ಮರುವರ್ಷದ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಹೀಗಾಗಿ ರಸ್ತೆ ಮಾಡಿದವರ ತಪ್ಪಿನ ಬಿಲ್ಲನ್ನು ಕಾರಿನವರೇ ಸದ್ದಿಲ್ಲದೆ ಪಾವತಿಸುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ರಸ್ತೆಗುಂಡಿಗಳು ರಾಷ್ಟ್ರಮಟ್ಟದ ಸುದ್ದಿಯಾದವು. ಅದೇ ತಿಂಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಗುಂಡಿ ಮುಚ್ಚಲು ಗಡುವುಗಳೂ ಘೋಷಣೆಯಾದವು. ಫಲಕ ಬದಲಾದರೂ ಗುಂಡಿಯಿಂದ ಹಾಳಾದ ವಾಹನದ ಲೆಕ್ಕ ಯಾರ ಖಾತೆಗೆ ಎಂಬ ಪ್ರಶ್ನೆ ಮಾತ್ರ ಚರ್ಚೆಗೆ ಬರಲೇ ಇಲ್ಲ.

ವೇಗ ಹೆಚ್ಚಿದಂತೆ ಅವಧಿ ಕಿರಿದು

ನಗರದೊಳಗೆ 40 ಕಿ.ಮೀ. ವೇಗದಲ್ಲಿ ಸಹಿಸಿಕೊಂಡ ಎಳೆತ ಹೆದ್ದಾರಿಯಲ್ಲಿ ಬೇರೆಯೇ ರೂಪ ತಾಳುತ್ತದೆ. ಮೂರೂವರೆ ಮೀಟರ್ ಪಥದ ನಡುವೆ 1.7 ಮೀಟರ್ ಅಗಲದ ಕಾರು ಸಾಗುತ್ತಿದ್ದರೆ ಎರಡೂ ಬದಿಗೆ ಉಳಿಯುವುದು ತಲಾ 90 ಸೆಂಟಿಮೀಟರ್. ಕಾರಿನ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿತೆನ್ನಿ. 40 ಕಿ.ಮೀ. ವೇಗದಲ್ಲಿ ಅದು ಗೆರೆ ಮುಟ್ಟಲು ನಾಲ್ಕೂವರೆ ಸೆಕೆಂಡಿಗೂ ಹೆಚ್ಚು ಕಾಲ ಬೇಕು. 100 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡೂ ಸಿಗುವುದಿಲ್ಲ. ಮೊಬೈಲಿನತ್ತ ಕಣ್ಣು ಹೊರಳಿಸಿ ಮರಳುವಷ್ಟರಲ್ಲಿ ಕಾರು ಪಕ್ಕದ ಪಥದಲ್ಲಿರುತ್ತದೆ ಅಥವಾ ತಡೆಗೋಡೆಯ ಬಳಿ ಇರುತ್ತದೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಈ ಬದಲಾವಣೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಮೊದಲ ತಿಂಗಳುಗಳಲ್ಲಿ ಸರಣಿ ಅಪಘಾತಗಳು ಸಂಭವಿಸಿದವು. ಆ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ವೇಗ ಅಳೆಯುವ ಕ್ಯಾಮೆರಾಗಳೂ ಬಂದವು. ರಸ್ತೆಯ ಮೇಲೆ, ಚಾಲಕನ ಮೇಲೆ ನಿಗಾ ಬಿತ್ತು. ಊರೊಳಗಿನ ಗುಂಡಿಗಳಲ್ಲಿ ಜರ್ಜರಿತವಾದ ಚಕ್ರಗಳ ಮೇಲೆಯೇ ಅದೇ ಕಾರು ಹೆದ್ದಾರಿ ಏರುತ್ತಿದೆ ಎಂಬುದರತ್ತ ಯಾರ ಗಮನವೂ ಹರಿಯಲಿಲ್ಲ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು ನಡೆದು 1,68,491 ಜನ ಸತ್ತರು. ಕರ್ನಾಟಕದ ಪಾಲು 11 ಸಾವಿರಕ್ಕೂ ಹೆಚ್ಚು. ಸಾವುಗಳಲ್ಲಿ ಶೇ 70ಕ್ಕೂ ಮಿಕ್ಕಿದ್ದು ಅತಿವೇಗದ ಖಾತೆಗೆ ಸೇರಿದೆ. ಅತಿವೇಗ ನಿಜವಾದ ಕಾರಣವೇ ಹೌದು. ಆದರೆ ಬ್ರೇಕ್ ಒತ್ತಿದಾಗ ಪಕ್ಕಕ್ಕೆ ಹೊರಳಿ ವಿಭಜಕಕ್ಕೆ ಬಡಿದ ಕಾರೂ 'ಚಾಲಕನ ನಿಯಂತ್ರಣ ತಪ್ಪಿ' ಎಂಬ ಮೂರು ಪದಗಳಲ್ಲಿ ಮುಗಿದುಹೋಗಬಹುದು. ನಜ್ಜುಗುಜ್ಜಾದ ವಾಹನದಲ್ಲಿ ಯಾವ ಭಾಗ ಮೊದಲೇ ಬಾಗಿತ್ತು, ಯಾವುದು ಅಪಘಾತದಲ್ಲಿ ಬಾಗಿತು ಎಂದು ಬೇರ್ಪಡಿಸುವುದು ಸುಲಭದ ಮಾತಲ್ಲ.

ಹದಿನೈದು ವರ್ಷಗಳ ಮೌನ

ಈಗ ಮೂಲ ಪ್ರಶ್ನೆಗೆ ಬರಬಹುದು. ಸರ್ಕಾರ ಖಾಸಗಿ ಕಾರನ್ನು ಯಾವಾಗ ಪರೀಕ್ಷಿಸುತ್ತದೆ? ಕೊಂಡ ದಿನದಿಂದ ಒಂದು ವರ್ಷ ಕಳೆದ ಮೇಲೆ ಹೊಗೆ ತಪಾಸಣೆ ಕಡ್ಡಾಯ. ಬಿಎಸ್–4 ಮತ್ತು ನಂತರದ ಕಾರುಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಆದರೆ ಬ್ರೇಕು, ಸ್ಟೀರಿಂಗ್, ಸಸ್ಪೆನ್ಷನ್‌ಗಳನ್ನು ಕಡ್ಡಾಯವಾಗಿ ನೋಡುವುದು ನೋಂದಣಿಯ 15 ವರ್ಷ ಮುಗಿದು ನವೀಕರಣಕ್ಕೆ ಬಂದಾಗ. ಟ್ಯಾಕ್ಸಿ, ಲಾರಿ, ಬಸ್ಸುಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಬಳಿಕ ವರ್ಷಕ್ಕೊಮ್ಮೆ ಸುಸ್ಥಿತಿ ಪ್ರಮಾಣಪತ್ರ ಬೇಕು. ಅದೇ ಮಾದರಿಯ, ಅದೇ ರಸ್ತೆಯಲ್ಲಿ ಓಡುವ ಬಿಳಿ ಫಲಕದ ಕಾರಿಗೆ ಹದಿನೈದು ವರ್ಷ ಯಾವ ಪ್ರಶ್ನೆಯೂ ಇಲ್ಲ.

ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆ ಕಡ್ಡಾಯ. ಜರ್ಮನಿಯಲ್ಲಿ ಮೊದಲ ಪರೀಕ್ಷೆ ಮೂರು ವರ್ಷಕ್ಕೆ, ನಂತರ ಎರಡು ವರ್ಷಕ್ಕೊಮ್ಮೆ. ಅಲ್ಲಿನ ರಸ್ತೆಗಳ ಸ್ಥಿತಿಯನ್ನೂ ಇಲ್ಲಿನದನ್ನೂ ಹೋಲಿಸಿದರೆ ಪರೀಕ್ಷೆಯ ಅಗತ್ಯ ಎಲ್ಲಿ ಹೆಚ್ಚು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕೇಂದ್ರ ಸರ್ಕಾರ ಶುಲ್ಕವನ್ನಂತೂ ಏರಿಸಿದೆ. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಜಿಗಿಯಿತು. 20 ವರ್ಷ ಮೀರಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ನಿಗದಿಯಾಯಿತು. ಹಳೆಯ ಕಾರು ಗುಜರಿ ಸೇರಲಿ ಎಂಬುದು ಇದರ ಉದ್ದೇಶ. ಆದರೆ ಐದು ವರ್ಷದ ಕಾರಿನ ಲೋವರ್ ಆರ್ಮ್ ಬಾಗಿದ್ದರೆ ಈ ನೀತಿಗೆ ಅದು ಕಾಣುವುದೇ ಇಲ್ಲ. ಅದು ಅಳೆಯುವುದು ವಯಸ್ಸನ್ನು, ಆರೋಗ್ಯವನ್ನಲ್ಲ.

ಉಪಕರಣ ಇದೆ, ಆದೇಶವಿಲ್ಲ

ಸೋಜಿಗವೆಂದರೆ ಬೇಕಾದ ಯಂತ್ರ ನಿಯಮಪುಸ್ತಕದಲ್ಲಿ ಈಗಾಗಲೇ ಇದೆ. ಸ್ವಯಂಚಾಲಿತ ವಾಹನ ಪರೀಕ್ಷಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ನಿಯಮ ರೂಪಿಸಿತು. ಅಲ್ಲಿರಬೇಕಾದ ಸಲಕರಣೆಗಳಲ್ಲಿ ಸೈಡ್ ಸ್ಲಿಪ್ ಪರೀಕ್ಷಕವೂ ಒಂದು. ನೆಲದಲ್ಲಿ ಹುದುಗಿಸಿದ ಲೋಹದ ಹಲಗೆಯ ಮೇಲೆ ಕಾರು ನಿಧಾನವಾಗಿ ಹಾಯ್ದರೆ, ಚಕ್ರ ಪ್ರತಿ ಕಿಲೋಮೀಟರಿಗೆ ಎಷ್ಟು ಮೀಟರ್ ಪಕ್ಕಕ್ಕೆ ಉಜ್ಜುತ್ತಿದೆ ಎಂಬುದನ್ನು ಅದು ಕೆಲವೇ ಕ್ಷಣಗಳಲ್ಲಿ ಹೇಳುತ್ತದೆ. ಐದು ಮೀಟರ್ ಎಂದಾದರೆ 10 ಸಾವಿರ ಕಿ.ಮೀ. ಓಟದಲ್ಲಿ ಟಯರ್ 50 ಕಿ.ಮೀ. ದೂರ ಪಕ್ಕಕ್ಕೆ ಉಜ್ಜಿದ ಲೆಕ್ಕ. ಪಕ್ಕದಲ್ಲೇ ಇರುವ ರೋಲರ್ ಬ್ರೇಕ್ ಪರೀಕ್ಷಕ ಎಡ ಬಲ ಬ್ರೇಕುಗಳ ಬಲದ ಅಂತರವನ್ನು ತೋರಿಸುತ್ತದೆ.

ಈ ನಿಯಮಗಳಲ್ಲಿ ಇನ್ನೊಂದು ಜಾಣತನವಿದೆ. ಪರೀಕ್ಷಾ ಕೇಂದ್ರ ನಡೆಸುವವರು ರಿಪೇರಿಯನ್ನಾಗಲಿ, ಬಿಡಿಭಾಗಗಳ ಮಾರಾಟವನ್ನಾಗಲಿ ಮಾಡುವಂತಿಲ್ಲ. ಟಯರ್ ಅಂಗಡಿಯಲ್ಲಿ ರೋಗ ಹೇಳುವವನೂ ಔಷಧ ಮಾರುವವನೂ ಒಬ್ಬನೇ. ಇಲ್ಲಿ ಹಾಗಲ್ಲ. ಗ್ರಾಹಕನಿಗೆ ಬೇಕಿರುವುದು ಇಂಥ ನಿಷ್ಪಕ್ಷಪಾತ ಅಳತೆಯೇ. ಆದರೆ ಈ ಕೇಂದ್ರಗಳ ಕಡ್ಡಾಯ ಬಳಕೆಯ ಗಡುವು ಸಾರಿಗೆ ವಾಹನಗಳಿಗೂ ಸಕಾಲಕ್ಕೆ ಜಾರಿಯಾಗಲಿಲ್ಲ. ಭಾರಿ ವಾಹನಗಳಿಗೆ 2023ರ ಏಪ್ರಿಲ್ ಎಂದಿದ್ದುದು 2024ರ ಅಕ್ಟೋಬರ್‌ಗೆ ಹೋಯಿತು. ಹೊಸದಾಗಿರುವ ಖಾಸಗಿ ಕಾರುಗಳ ಮಾತಂತೂ ದೂರವೇ ಉಳಿಯಿತು.

ವರ್ಷಕ್ಕೊಮ್ಮೆ ಪರೀಕ್ಷೆ ಎಂದರೆ ಜನರಿಗೆ ನೆನಪಾಗುವುದು ಆರ್‌ಟಿಒ ಕಚೇರಿಯ ಸರದಿ, ದಲ್ಲಾಳಿಗಳ ಕಾಟ. ಈ ಭಯವನ್ನು ತಳ್ಳಿಹಾಕುವಂತಿಲ್ಲ. ವಾಹನವನ್ನೇ ನೋಡದೆ ಹೊಗೆ ತಪಾಸಣೆಯ ಪತ್ರ ಸಿಗುತ್ತದೆಂಬ ದೂರು ಇರುವಾಗ ಇನ್ನೊಂದು ಪತ್ರ ಇನ್ನೊಂದು ಲಂಚದ ದಾರಿಯಾದೀತೆಂಬ ಆತಂಕ ಸಹಜ. ಪ್ರತಿ ವರ್ಷ ಎಂಬ ಹೊರೆ ಬೇಡವಾದರೆ ಐದನೆಯ, ಹತ್ತನೆಯ ವರ್ಷದಲ್ಲಿ ಒಂದೊಂದು ಪರೀಕ್ಷೆಯಾದರೂ ಇರಬಹುದು. ಕಾರು ಕೈ ಬದಲಾಯಿಸುವಾಗ ಕಡ್ಡಾಯಗೊಳಿಸಿದರೆ ಹಳೆಯ ಕಾರು ಕೊಳ್ಳುವ ಮಧ್ಯಮ ವರ್ಗಕ್ಕೆ ದೊಡ್ಡ ರಕ್ಷಣೆ ದೊರೆಯುತ್ತದೆ. ಮಾರುವವನ ಮಾತನ್ನಲ್ಲ, ಯಂತ್ರದ ಅಂಕಿಯನ್ನು ನಂಬಿ ಕೊಳ್ಳುವಂತಾಗುತ್ತದೆ.

ಈ ಅಂಕಿಗಳಿಗೆ ಇನ್ನೊಂದು ಬಳಕೆಯೂ ಇದೆ. ಒಂದು ನಗರದ ಸಾವಿರಾರು ಕಾರುಗಳ ಚಕ್ರಗಳ ಅಳತೆ ಒಂದೆಡೆ ದಾಖಲಾದರೆ ಅದು ಆ ನಗರದ ರಸ್ತೆಗಳ ವರದಿಯೂ ಆಗುತ್ತದೆ. ಗುಂಡಿ ಎಷ್ಟು ಮುಚ್ಚಿದೆವು ಎಂಬ ಅಧಿಕಾರಿಗಳ ಲೆಕ್ಕಕ್ಕೆ ಎದುರಾಗಿ ಗುಂಡಿ ಎಷ್ಟು ಕೆಡಿಸಿತು ಎಂಬ ಲೆಕ್ಕ ಜನರ ಕೈಗೆ ಬರುತ್ತದೆ.

ಅಲ್ಲಿಯವರೆಗೆ ಹೊಣೆ ಚಾಲಕನದೇ. ದೋಷಯುಕ್ತ ವಾಹನ ಓಡಿಸಿದರೆ 1,500 ರೂಪಾಯಿವರೆಗೆ ದಂಡ ತೆರಬೇಕಾದವನೂ ಅವನೇ. ಕ್ರಮವಾಗಿ ಸಾಗಿದರೆ ಖರ್ಚು ಕಡಿಮೆ: ಮೊದಲು ಗಾಳಿ, ನಂತರ ಟಯರ್ ಅದಲು ಬದಲು, ಆಮೇಲೆ ಬ್ರೇಕಿನ ಕಾವು, ಬಳಿಕ ಸಸ್ಪೆನ್ಷನ್ ಭಾಗಗಳು, ಕೊನೆಯಲ್ಲಿ ಅಲೈನ್‌ಮೆಂಟ್. ಬಹುತೇಕ ಅಂಗಡಿಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಬ್ರೇಕ್ ಒತ್ತಿದಾಗ ಹೊರಳುವ ಕಾರನ್ನಂತೂ ಗ್ಯಾರೇಜ್ ಹೊರತು ಬೇರೆಲ್ಲಿಗೂ ಓಡಿಸಬಾರದು.

ಕೈಯಲ್ಲಿ ಸ್ಟೀರಿಂಗ್ ಹಿಡಿದವನಿಗೆ ಕಾರು ತನ್ನ ನೋವನ್ನು ಎಳೆತದ ಮೂಲಕ ಹೇಳುತ್ತದೆ. ದಿನವೂ ಸ್ವಲ್ಪ ಸ್ವಲ್ಪವೇ ಬಲಕ್ಕೆ ತಿರುಗಿಸಿ ಹಿಡಿಯುವುದು ಅಭ್ಯಾಸವಾಗಿಬಿಟ್ಟರೆ ಆ ಮಾತು ಕೇಳಿಸುವುದೇ ಇಲ್ಲ. ವ್ಯವಸ್ಥೆಯೂ ಹಾಗೆಯೇ ಒಗ್ಗಿಹೋಗಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬದಲು, ಹೊಗೆ ನೋಡಲು ವರ್ಷಕ್ಕೊಮ್ಮೆ ಬರುವ ಕಾರಿನ ಚಕ್ರವನ್ನೂ ಒಮ್ಮೆ ನೋಡುವುದು ಕಷ್ಟದ ಕೆಲಸವೇನಲ್ಲ.